ಎಣ್ಣೆ ಸೋರುವ ಜೀಪಿನ ಚರಿತ್ರೆ

ಮಲೆನಾಡಿನ ತೋಟದ ಮನೆಯಲ್ಲಿ ಜೀಪು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಜೀಪು ಪೇಟೆಗೆ ಹೋಗಿದ್ದಾಗಲೂ ಹೇಳಬಹುದು. ಕೊಟ್ಟಿಗೆಯ ಪಕ್ಕದ ಶೆಡ್ಡಿನ ನೆಲದಲ್ಲಿ ಕರಿಯ ಮಚ್ಚೆಯೊಂದು ಇರುತ್ತದೆ. ಅದರ ಮೇಲೆ ಯಾರೋ ಸುರಿದ ಮರದ ಹೊಟ್ಟು, ಹೊಟ್ಟಿನ ಮೇಲೆ ಮತ್ತೆ ಎಣ್ಣೆ. ಕೆಲವರು ಹಳೆಯ ಡಬ್ಬವೊಂದನ್ನು ಕತ್ತರಿಸಿ ತಟ್ಟೆಯಂತೆ ಮಾಡಿ ಕೆಳಗೆ ಇಟ್ಟಿರುತ್ತಾರೆ. ಯಾಕೆ ಹೀಗೆ ಎಂದು ಕೇಳಿದರೆ, "ಜೀಪು ಅಂದಮೇಲೆ ಸೋರದೆ ಇರ್ತದಾ ಮಾರಾಯ್ರೆ?" ಎನ್ನುತ್ತಾರೆ. ಬ್ರಿಟನ್ನಿನಲ್ಲಿ ಹಳೆಯ ಲ್ಯಾಂಡ್ ರೋವರ್ ಇಟ್ಟುಕೊಂಡವರ ನಡುವೆಯೂ ಇದೇ ಧಾಟಿಯ ತಮಾಷೆಯೊಂದಿದೆ. ಸೋರುವುದು ನಿಂತಿತೆಂದರೆ ಒಳಗಿನ ಎಣ್ಣೆ ಮುಗಿದಿದೆ ಎಂದೇ ತಿಳಿಯಬೇಕಂತೆ.

ತಮಾಷೆ ಸರಿ. ಆದರೆ ನನ್ನ ಚಿಕ್ಕಪ್ಪನ ಪೆಟ್ರೋಲ್ ಜೀಪಿನ ವಿಷಯದಲ್ಲಿ ಅದು ತಮಾಷೆಯಾಗಿ ಉಳಿದಿರಲಿಲ್ಲ. ಎಂಜಿನ್ನಿನ ಹಿಂಭಾಗದಿಂದ ಒಸರಿದ ಎಣ್ಣೆ ಕ್ಲಚ್ ಪ್ಲೇಟಿಗೆ ತಾಗಿತ್ತು. ಕಾಫಿ ಕೊಯ್ಲಿನ ದಿನಗಳಲ್ಲಿ, ಹಿಂದೆ ಆರು ಜನ ಕೆಲಸದವರನ್ನು ಕೂರಿಸಿಕೊಂಡು ಏರು ಹತ್ತುವಾಗ ಕ್ಲಚ್ ಜಾರಿ, ಎಂಜಿನ್ ಮಾತ್ರ ಅರಚಿ, ಗಾಡಿ ಹಿಂದಕ್ಕೆ ಸರಿಯತೊಡಗಿತು. ಈ ಜೀಪುಗಳ ಹ್ಯಾಂಡ್‌ಬ್ರೇಕ್ ಚಕ್ರಗಳನ್ನು ಹಿಡಿಯುವುದಿಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂದೆ, ಪ್ರೊಪೆಲ್ಲರ್ ಶಾಫ್ಟಿನ ಬುಡದಲ್ಲಿರುವ ಒಂದು ಡ್ರಮ್ಮನ್ನು ಹಿಡಿಯುತ್ತದೆ. ಅಲ್ಲಿನ ಸೀಲೂ ಸೋರಿ ಆ ಡ್ರಮ್ಮೂ ಜಿಡ್ಡಾಗಿತ್ತು. ಕಾಲಿನ ಬ್ರೇಕ್ ಹಿಡಿಯಿತು, ಯಾರೋ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟರು, ಅಷ್ಟರಲ್ಲಿ ಮುಗಿಯಿತು. ಅದೇ ವರ್ಷ ಎಂಜಿನ್ನಿನ ಹಿಂದಿನ ಸೀಲನ್ನು ಎರಡು ಸಲ ಬದಲಾಯಿಸಿಯಾಗಿತ್ತು. ಮೂರನೆಯ ಸಲ ಬಿಚ್ಚುವ ಮೊದಲು, ಆ ಜಾಗದಲ್ಲಿ ಎಣ್ಣೆಯನ್ನು ತಡೆಯುವುದು ನಿಜವಾಗಿ ಏನು, ಅದನ್ನು ಯಾರು ಯಾವ ಕಾಲದಲ್ಲಿ ಹೇಗೆ ಯೋಚಿಸಿ ಇಟ್ಟರು ಎಂದು ಓದತೊಡಗಿದೆ. ಓದುತ್ತ ಹೋದಂತೆ ಈ ಸಣ್ಣ ಸಂದಿಯಲ್ಲಿ ಬಹಳ ದೊಡ್ಡ ಚರಿತ್ರೆ ಸಿಕ್ಕಿಕೊಂಡಿರುವುದು ಕಂಡಿತು.

ಸಮಸ್ಯೆ ಹಳೆಯದು. ತಿರುಗುವ ದಂಡವೊಂದು ಗೋಡೆಯನ್ನು ತೂರಿಕೊಂಡು ಹೊರಗೆ ಬರಬೇಕು. ಒಳಗಿನ ಎಣ್ಣೆ ಮಾತ್ರ ಹೊರಗೆ ಬರಬಾರದು. ನಮ್ಮ ಎತ್ತಿನ ಗಾಡಿಯಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಅಚ್ಚಿಗೆ ಕೀಲೆಣ್ಣೆ ಹಚ್ಚುತ್ತಿದ್ದರು, ಅದು ಒಸರಿ ಹೋಗುತ್ತಿತ್ತು, ಮತ್ತೆ ಹಚ್ಚುತ್ತಿದ್ದರು. ಸೋರುವುದು ಗಾಡಿಯ ದೋಷವಾಗಿರಲಿಲ್ಲ, ದಿನಚರಿಯಾಗಿತ್ತು. ಎಣ್ಣೆಯನ್ನು ಒಳಗೇ ಕೂಡಿಹಾಕಿ ಅದನ್ನೇ ಮತ್ತೆ ಮತ್ತೆ ಬಳಸಬೇಕು ಎಂಬ ಹಟ ಎಂಜಿನ್ನಿನೊಂದಿಗೆ ಬಂದದ್ದು.

ಉಗಿಯಂತ್ರದ ಕಾಲದಲ್ಲಿ ಇದಕ್ಕೆ ಸಿಕ್ಕ ಉತ್ತರ ತೊಗಲು ಮತ್ತು ಹಗ್ಗ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಥಾಮಸ್ ನ್ಯೂಕೊಮೆನ್ ತನ್ನ ಯಂತ್ರದ ಕೊಂತಕ್ಕೆ ತೊಗಲಿನ ಅಂಚು ಕಟ್ಟಿ, ಅದರ ಮೇಲೆ ನೀರು ನಿಲ್ಲಿಸಿ ಗಾಳಿ ನುಸುಳದಂತೆ ಮಾಡಿದ. ಜೇಮ್ಸ್ ವಾಟ್‌ನ ಕಾಲಕ್ಕೆ ಸೆಣಬಿನ ನಾರನ್ನು ಕೊಬ್ಬಿನಲ್ಲಿ ಅದ್ದಿ ದಂಡದ ಸುತ್ತ ಒತ್ತಿ ತುಂಬುವ ಪದ್ಧತಿ ಇತ್ತು. ಇಂಗ್ಲಿಷಿನಲ್ಲಿ ಅದನ್ನು ಪ್ಯಾಕಿಂಗ್ ಎಂದರು. ನಮ್ಮ ಗ್ಯಾರೇಜುಗಳಲ್ಲಿ ಇವತ್ತಿಗೂ ಗ್ಯಾಸ್ಕೆಟ್ ಎಂದು ಯಾರೂ ಹೇಳುವುದಿಲ್ಲ, ಪ್ಯಾಕಿಂಗ್ ಎಂದೇ ಹೇಳುತ್ತಾರೆ. ಬಾಯ್ಲರುಗಳ ಕಾಲದ ಮಾತು ಹಾಗೇ ಉಳಿದುಕೊಂಡಿದೆ.

ಮೋಟಾರು ಬಂದ ಮೇಲೂ ಬಹುಕಾಲ ಎಂಜಿನಿಯರುಗಳು ಸೀಲನ್ನು ನಂಬಲಿಲ್ಲ. ಫೋರ್ಡ್ ಮಾಡೆಲ್ ಎ ಎಂಜಿನ್ನಿನ ಹಿಂಬದಿಯಲ್ಲಿ ತಾಗುವ ಸೀಲೇ ಇಲ್ಲ. ಕ್ರ್ಯಾಂಕಿನ ಮೇಲೆ ಒಂದು ಏಣು ಇರುತ್ತದೆ. ತಿರುಗುವಾಗ ಅದು ಎಣ್ಣೆಯನ್ನು ಹೊರಕ್ಕೆ ಎರಚುತ್ತದೆ, ಎರಚಿದ ಎಣ್ಣೆ ಒಂದು ಕೊಳವೆಯಲ್ಲಿ ಇಳಿದು ಚೇಂಬರಿಗೆ ವಾಪಸಾಗುತ್ತದೆ. ಅನೇಕ ಬ್ರಿಟಿಷ್ ಎಂಜಿನ್ನುಗಳಲ್ಲಿ ಕ್ರ್ಯಾಂಕಿನ ಮೇಲೆ ತಿರುಪಿನಂಥ ಗೆರೆ ಕೊರೆದು, ತಿರುಗುವ ತಿರುಪೇ ಎಣ್ಣೆಯನ್ನು ಒಳಕ್ಕೆ ತಳ್ಳುವಂತೆ ಮಾಡಿದ್ದರು. ಸವೆಯುವ ವಸ್ತುವೇ ಇಲ್ಲವಾದ್ದರಿಂದ ಬದಲಾಯಿಸುವ ಕೆಲಸವೂ ಇಲ್ಲ. ಒಂದೇ ತೊಡಕು: ಎಂಜಿನ್ ತಿರುಗುತ್ತಿರುವಷ್ಟು ಹೊತ್ತು ಮಾತ್ರ ಇದು ಕೆಲಸ ಮಾಡುತ್ತದೆ. ಇಳಿಜಾರಿನಲ್ಲಿ ನಿಲ್ಲಿಸಿದರೆ ತೊಟ್ಟಿಕ್ಕುತ್ತದೆ. ಅದನ್ನು ತಯಾರಿಸಿದವರಿಗೂ ಅದು ಗೊತ್ತಿತ್ತು.

ಇನ್ನು ಜೀಪಿಗೆ ಬರೋಣ. 1940ರ ಬೇಸಿಗೆಯಲ್ಲಿ ಅಮೆರಿಕದ ಸೇನೆ ಒಂದು ಪುಟ್ಟ ನಾಲ್ಕು ಚಕ್ರ ಚಾಲನೆಯ ಗಾಡಿ ಬೇಕೆಂದು 135 ಕಂಪನಿಗಳಿಗೆ ಬರೆಯಿತು. ಪೆನ್ಸಿಲ್ವೇನಿಯಾದ ಬಟ್ಲರ್ ಊರಿನಲ್ಲಿ ಮುಳುಗುವ ಹಂತದಲ್ಲಿದ್ದ ಬ್ಯಾಂಟಮ್ ಎಂಬ ಸಣ್ಣ ಕಂಪನಿ 49 ದಿನಗಳಲ್ಲಿ ಮೊದಲ ಗಾಡಿಯನ್ನು ಕಟ್ಟಿಕೊಟ್ಟಿತು. ವಿನ್ಯಾಸ ಕಾರ್ಲ್ ಪ್ರಾಬ್ಸ್ಟ್ ಅವರದು. ಆದರೆ ದೊಡ್ಡ ಗುತ್ತಿಗೆ ಸಿಕ್ಕಿದ್ದು ವಿಲ್ಲಿಸ್ ಓವರ್‌ಲ್ಯಾಂಡಿಗೆ, ಅದಕ್ಕೆ ಮುಖ್ಯ ಕಾರಣ ಎಂಜಿನ್. ವಿಲ್ಲಿಸ್‌ನ ಎಂಜಿನಿಯರ್ ಬಾರ್ನಿ ರೂಸ್ 48 ಅಶ್ವಶಕ್ತಿಯ ಒಂದು ಸಾಧಾರಣ ಕಾರಿನ ಎಂಜಿನ್ನನ್ನು ತಿದ್ದಿ ತೀಡಿ 60ಕ್ಕೆ ಏರಿಸಿದ್ದರು. ನಾಲ್ಕು ಸಿಲಿಂಡರ್, 2199 ಸಿಸಿ, ಕ್ರ್ಯಾಂಕಿಗೆ ಮೂರು ಬೇರಿಂಗ್. ಸೇನೆ ವಿಧಿಸಿದ್ದ ತೂಕದ ಮಿತಿ 2160 ಪೌಂಡ್, ಎಂದರೆ ಸುಮಾರು 980 ಕಿಲೋ. ಆ ಮಿತಿಯೊಳಗೆ ಬರಲು ರೂಸ್ ಬೋಲ್ಟುಗಳ ಉದ್ದವನ್ನು ಕಡಿಮೆ ಮಾಡಿಸಿದರು, ಬಣ್ಣದ ಕೋಟಿನ ತೂಕವನ್ನೂ ಲೆಕ್ಕ ಹಾಕಿದರು ಎಂದು ಹೇಳುತ್ತಾರೆ. ಯುದ್ಧ ಮುಗಿಯುವಷ್ಟರಲ್ಲಿ ವಿಲ್ಲಿಸ್ ಮತ್ತು ಫೋರ್ಡ್ ಸೇರಿ ಸುಮಾರು 6.4 ಲಕ್ಷ ಜೀಪುಗಳನ್ನು ಮಾಡಿದ್ದವು. ಇಷ್ಟನ್ನು ಇಷ್ಟು ಬೇಗ ಮಾಡುವಾಗ ಒಂದೊಂದು ಜೀಪೂ ನಲವತ್ತು ಐವತ್ತು ವರ್ಷ ಬಾಳಬೇಕೆಂದು ಯಾರೂ ಲೆಕ್ಕ ಹಾಕಿರಲಾರರು.

ಆ ಎಂಜಿನ್ನಿನ ಹಿಂಬದಿಯ ಬೇರಿಂಗಿನಲ್ಲಿ ಎಣ್ಣೆ ತಡೆಯುತ್ತಿದ್ದದ್ದು ಒಂದು ಬತ್ತಿ. ಕಲ್ನಾರಿನ ಹುರಿಯನ್ನು ಹೆಣೆದು, ಅರ್ಧಚಂದ್ರದ ಎರಡು ತುಂಡು ಮಾಡಿ, ಒಂದನ್ನು ಎಂಜಿನ್ನಿನ ಮೈಯಲ್ಲಿ ಮೇಲೆ, ಇನ್ನೊಂದನ್ನು ಕೆಳಗಿನ ಕ್ಯಾಪಿನಲ್ಲಿ ಕೂರಿಸುತ್ತಿದ್ದರು. ಇಂಗ್ಲಿಷ್ ಕೈಪಿಡಿಗಳಲ್ಲಿರುವ ಪದದ ಅರ್ಥವೂ ಬತ್ತಿಯೇ. ದುಂಡನೆಯ ಮರದ ತುಂಡಿನಿಂದ ಬಡಿದು ಬಡಿದು ಗಾಡಿಯೊಳಗೆ ಕೂರಿಸಬೇಕು, ಮೇಲೆ ಉಳಿದ ತುದಿಯನ್ನು ಬ್ಲೇಡಿನಿಂದ ಸಮನಾಗಿ ಕತ್ತರಿಸಬೇಕು, ಎಣ್ಣೆಯಲ್ಲಿ ನೆನೆಸಬೇಕು. ವಾಟ್‌ನ ಸೆಣಬಿನ ಹಗ್ಗಕ್ಕೂ ಇದಕ್ಕೂ ನಡುವೆ ನೂರೈವತ್ತು ವರ್ಷಗಳಿಗೂ ಹೆಚ್ಚು ಅಂತರವಿದ್ದರೂ ಯೋಚನೆ ಒಂದೇ. ಬತ್ತಿ ಎಣ್ಣೆಯನ್ನು ಪೂರ್ತಿ ನಿಲ್ಲಿಸುವುದಿಲ್ಲ. ತಾನು ಒದ್ದೆಯಾಗಿದ್ದುಕೊಂಡೇ ಅದನ್ನು ನಿಧಾನ ಮಾಡುತ್ತದೆ. ದೀಪದ ಬತ್ತಿಯೂ ಅದನ್ನೇ ತಾನೆ ಮಾಡುವುದು.

ಹಾಗಾದರೆ ರಬ್ಬರ್ ಯಾಕಿಲ್ಲ? ಮರದ ಹಾಲಿನಿಂದ ಬರುವ ಸಹಜ ರಬ್ಬರ್ ಖನಿಜ ತೈಲದಲ್ಲಿ ಊದಿ ಮೆತ್ತಗಾಗಿ ಹಾಳಾಗುತ್ತದೆ. ಎಣ್ಣೆಗೆ ಹೆದರದ ರಬ್ಬರನ್ನು ರಸಾಯನಶಾಲೆಯಲ್ಲೇ ಮಾಡಬೇಕಿತ್ತು. ಅಮೆರಿಕದ ಡುಪಾಂಟ್ 1930ರ ದಶಕದ ಆರಂಭದಲ್ಲಿ ನಿಯೋಪ್ರೀನ್ ತಂದಿತು; ಅದೇ ದಶಕದಲ್ಲಿ ಜರ್ಮನಿಯಲ್ಲಿ ನೈಟ್ರೈಲ್ ರಬ್ಬರ್ ಬಂತು. ಜರ್ಮನಿಯ ವೈನ್‌ಹೈಮಿನ ಫ್ರಾಯ್ಡೆನ್‌ಬರ್ಗ್ ಚರ್ಮ ಹದ ಮಾಡುವ ಕಂಪನಿ. ಅಲ್ಲಿ ವಾಲ್ಟರ್ ಸಿಮ್ಮರ್ ಎಂಬ ಎಂಜಿನಿಯರ್ ರೂಪಿಸಿದ, ದಂಡವನ್ನು ತುಟಿಯಂತೆ ಹಿಡಿಯುವ ಸೀಲು ಮೊದಲು ತೊಗಲಿನದಾಗಿತ್ತು, ಆಮೇಲೆ ಕೃತಕ ರಬ್ಬರಿನದಾಯಿತು. ಶಿಕಾಗೋದಲ್ಲೂ ತೊಗಲಿನ ಪಟ್ಟಿ ಮಾಡುತ್ತಿದ್ದ ಕಂಪನಿಯೊಂದು ತೊಗಲಿನ ಎಣ್ಣೆ ಸೀಲು ಮಾಡತೊಡಗಿತ್ತು. ಇವತ್ತಿನ ಆಯಿಲ್ ಸೀಲಿನ ವಂಶಾವಳಿಯಲ್ಲಿ ಹೀಗೆ ಎರಡೂ ಖಂಡಗಳಲ್ಲಿ ಚರ್ಮದ ಕೆಲಸದವರೇ ಇದ್ದಾರೆ. ಡೆನ್ಮಾರ್ಕಿನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ್ದ ನೀಲ್ಸ್ ಕ್ರಿಸ್ಟೆನ್ಸನ್ 1937ರಲ್ಲಿ ಅರ್ಜಿ ಹಾಕಿ 1939ರಲ್ಲಿ ಓ-ರಿಂಗಿನ ಪೇಟೆಂಟ್ ಪಡೆದಾಗ ಎಪ್ಪತ್ತು ದಾಟಿದ್ದರು. ಆ ಉಂಗುರವನ್ನು ಯುದ್ಧಕಾಲದಲ್ಲಿ ವಿಮಾನಗಳು ಮೊದಲು ಬಳಸಿಕೊಂಡವು.

1942ರ ಮೊದಲ ತಿಂಗಳುಗಳಲ್ಲಿ ಜಪಾನ್ ಮಲಯ ಮತ್ತು ಡಚ್ಚರ ಈಸ್ಟ್ ಇಂಡೀಸನ್ನು ಹಿಡಿಯಿತು. ಅಮೆರಿಕಕ್ಕೆ ಬರುತ್ತಿದ್ದ ಸಹಜ ರಬ್ಬರಿನ ಹೆಚ್ಚುಕಡಿಮೆ ಎಲ್ಲವೂ ಆ ಭಾಗದ್ದೇ. ಸಿಕ್ಕಿದ ರಬ್ಬರೆಲ್ಲ ಟಯರಿಗೆ ಬೇಕು, ಕೃತಕ ರಬ್ಬರಿಗೂ ಯುದ್ಧದ ಸಾಮಾನುಗಳ ನಡುವೆ ಪೈಪೋಟಿ. ಅಂಥ ಹೊತ್ತಿನಲ್ಲಿ ಎಂಜಿನ್ನಿನ ಹಿಂದೆ ಬತ್ತಿ ಸಾಕು ಎನ್ನಿಸಿದ್ದರೆ ಆಶ್ಚರ್ಯವಿಲ್ಲ. ಉಕ್ಕಿನ ತಿರುಳಿಗೆ ರಬ್ಬರ್ ಅಂಟಿಸಿದ ಎರಡು ತುಂಡಿನ ಸೀಲು ಇದೇ ಎಂಜಿನ್ ಕುಟುಂಬಕ್ಕೆ ಯುದ್ಧದ ನಂತರ ಬಂತು.

ಇಲ್ಲಿ ಒಂದು ಮಾತನ್ನು ಬಿಡಲಾರೆ. ಆ ಕಾಲದ ಅಮೆರಿಕನ್ ಗ್ಯಾರೇಜುಗಳಲ್ಲಿ ಪ್ಯಾಕಿಂಗಿಗೆ ಬಳಿಯುತ್ತಿದ್ದ ಕಂದು ಬಣ್ಣದ ಅಂಟು ಶೆಲ್ಯಾಕ್. ಶೆಲ್ಯಾಕ್ ಎಂದರೆ ನಮ್ಮ ಅರಗು. ಮುತ್ತುಗ, ಕುಸುಮದಂಥ ಮರಗಳ ಮೇಲೆ ಸಣ್ಣ ಕೀಟವೊಂದು ಕಟ್ಟುವ ರಾಳ. ಜಗತ್ತಿಗೆಲ್ಲ ಮುಖ್ಯವಾಗಿ ಹೋಗುತ್ತಿದ್ದದ್ದು ಭಾರತದಿಂದ, ಅದರಲ್ಲೂ ಛೋಟಾ ನಾಗಪುರದ ಕಾಡುಗಳಿಂದ. ಅದು ಮದ್ಯಸಾರದಲ್ಲಿ ಕರಗುತ್ತದೆ, ಪೆಟ್ರೋಲಿನಲ್ಲಾಗಲಿ ಎಂಜಿನ್ ಆಯಿಲಿನಲ್ಲಾಗಲಿ ಕರಗುವುದಿಲ್ಲ. ಗ್ಯಾರೇಜಿಗೆ ಬೇಕಾದ ಗುಣ ಇದೇ. 1942ರಲ್ಲಿ ಅಮೆರಿಕದ ಸರ್ಕಾರ ಶೆಲ್ಯಾಕ್ ಬಳಕೆಗೆ ಕಡಿವಾಣ ಹಾಕಿದಾಗ ಗ್ರಾಮಾಫೋನ್ ರೆಕಾರ್ಡುಗಳ ತಯಾರಿಕೆಯೇ ಕುಗ್ಗಿತು. ಪಾಂಡವರ ಅರಗಿನ ಮನೆಯಿಂದ ಚನ್ನಪಟ್ಟಣದ ಗೊಂಬೆಯವರೆಗೆ ಅರಗಿನ ಕತೆ ನಮಗೆ ಗೊತ್ತು. ಯುರೋಪಿನ ಕೆಸರಿನಲ್ಲಿ ಓಡಾಡಿದ ಜೀಪುಗಳ ಸಂದುಗೊಂದಿನಲ್ಲೂ ಅದರ ಪಾಲು ಇದ್ದಿರಬಹುದು ಎಂಬುದನ್ನು ಆ ಕತೆಗೆ ಸೇರಿಸಿಕೊಳ್ಳಬಹುದೆಂದು ನನ್ನ ಎಣಿಕೆ.

ಭಾರತಕ್ಕೆ ಜೀಪು ಮೊದಲು ಬಂದದ್ದು ಯುದ್ಧದ ಜೊತೆಗೆ. ಯುದ್ಧ ಮುಗಿದಾಗ ಸೇನೆಗೆ ಬೇಡವಾದದ್ದು ಡಿಸ್ಪೋಸಲ್ ಮಾಲಾಗಿ ಖಾಸಗಿಯವರ ಕೈ ಸೇರಿತು. 1945ರಲ್ಲಿ ಜೆ.ಸಿ. ಮಹೀಂದ್ರ, ಕೆ.ಸಿ. ಮಹೀಂದ್ರ ಸೋದರರು ಮಲಿಕ್ ಗುಲಾಮ್ ಮಹಮ್ಮದರ ಜೊತೆ ಸೇರಿ ಮಹೀಂದ್ರ ಅಂಡ್ ಮಹಮ್ಮದ್ ಎಂಬ ಉಕ್ಕಿನ ವ್ಯಾಪಾರದ ಕಂಪನಿ ತೆರೆದರು. ದೇಶ ಇಬ್ಭಾಗವಾದಾಗ ಗುಲಾಮ್ ಮಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು, ಆಮೇಲೆ ಗವರ್ನರ್ ಜನರಲ್ ಕೂಡ ಆದರು. 1948ರಲ್ಲಿ ಕಂಪನಿಯ ಹೆಸರು ಮಹೀಂದ್ರ ಅಂಡ್ ಮಹೀಂದ್ರ ಎಂದಾಯಿತು. ಕೆ.ಸಿ. ಮಹೀಂದ್ರ ಅಮೆರಿಕದಲ್ಲಿದ್ದಾಗ ಬಾರ್ನಿ ರೂಸ್ ಅವರನ್ನು ಕಂಡಿದ್ದರೆಂದು ಕಂಪನಿ ತನ್ನ ಚರಿತ್ರೆಯಲ್ಲಿ ಹೇಳಿಕೊಳ್ಳುತ್ತದೆ. ಬಿಡಿಭಾಗಗಳಾಗಿ ಬಂದ ವಿಲ್ಲಿಸ್ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸುವ ಕೆಲಸದಿಂದ ಶುರುವಾಗಿ, ಕ್ರಮೇಣ ಇಡೀ ಗಾಡಿಯೇ ಇಲ್ಲಿ ತಯಾರಾಯಿತು.

ಹೊಸ ದೇಶದ ಮೊದಲ ದೊಡ್ಡ ಹಗರಣ ಎಂದು ಹೆಸರಾದದ್ದೂ ಹಳೆಯ ಜೀಪುಗಳದ್ದೇ. 1948ರಲ್ಲಿ ಕಾಶ್ಮೀರದಲ್ಲಿ ಯುದ್ಧ ನಡೆಯುತ್ತಿದ್ದಾಗ, ಲಂಡನ್ನಿನಲ್ಲಿ ಹೈಕಮಿಷನರ್ ಆಗಿದ್ದ ವಿ.ಕೆ. ಕೃಷ್ಣ ಮೆನನ್ ಸೇನೆಗಾಗಿ ಜೀಪು ಕೊಳ್ಳಲು ವಿದೇಶಿ ಸಂಸ್ಥೆಯೊಂದರ ಜೊತೆ ಸುಮಾರು 80 ಲಕ್ಷ ರೂಪಾಯಿಯ ಒಪ್ಪಂದ ಮಾಡಿದರು. ಬಂದದ್ದು 155 ಜೀಪು. ಅವೂ ಬಳಕೆಗೆ ಯೋಗ್ಯವಲ್ಲ ಎಂದಾಯಿತು. ಸಂಸತ್ತಿನಲ್ಲಿ ವರ್ಷಗಟ್ಟಲೆ ಗದ್ದಲವಾಯಿತು. 1955ರಲ್ಲಿ ಸರ್ಕಾರ ಪ್ರಕರಣ ಮುಗಿಯಿತೆಂದಿತು, 1957ರಲ್ಲಿ ಮೆನನ್ ರಕ್ಷಣಾ ಮಂತ್ರಿಯಾದರು. ರಾಜಕೀಯದ ಚರಿತ್ರೆ ಬರೆದವರು ಹಣದ ಬಗ್ಗೆ ಬರೆದಿದ್ದಾರೆ. ಆ 155 ಎಂಜಿನ್ನುಗಳ ಒಳಗೆ ಏನಾಗಿತ್ತು ಎಂದು ಒಬ್ಬ ಮೇಸ್ತ್ರಿಯಾದರೂ ಬರೆದಿಟ್ಟಿದ್ದರೆ ನನಗೆ ಖುಷಿಯಾಗುತ್ತಿತ್ತು.

ಚಿಕ್ಕಪ್ಪನ ಜೀಪು ಯುದ್ಧದ್ದಲ್ಲ. ಅದು ಸಿಜೆ-3ಬಿ ಮಾದರಿ, ಮಹೀಂದ್ರದ್ದು. ರೂಸ್ ಎಂಜಿನ್ನಿನ ಕೆಳಭಾಗವನ್ನು ಹಾಗೆಯೇ ಇಟ್ಟುಕೊಂಡು, ಒಳಗೆ ಎಳೆಯುವ ವಾಲ್ವುಗಳನ್ನು ಮಾತ್ರ ತಲೆಯ ಮೇಲಕ್ಕೆ ಒಯ್ದರು. ಎಂಜಿನ್ ಎತ್ತರವಾಯಿತು, ಅದಕ್ಕೆ ತಕ್ಕಂತೆ ಬಾನೆಟ್ಟನ್ನೂ ಎತ್ತರಿಸಿದರು. ನಮ್ಮೂರುಗಳಲ್ಲಿ ಜೀಪು ಎಂದ ಕೂಡಲೇ ಕಣ್ಣಿಗೆ ಬರುವ ಆ ಎತ್ತರದ ಹಣೆ ಹುಟ್ಟಿದ್ದು ಹೀಗೆ. ಅಮೆರಿಕದಲ್ಲಿ 1953ರಲ್ಲಿ ಬಂದು 1968ರಲ್ಲಿ ನಿಂತ ಮಾದರಿ ಇಲ್ಲಿ ಆಮೇಲೂ ಬಹುಕಾಲ ತಯಾರಾಗುತ್ತಿತ್ತು. ಪೆಟ್ರೋಲ್ ದುಬಾರಿಯಾದಂತೆ ಮಲೆನಾಡಿನ ಬಹುಪಾಲು ಜೀಪುಗಳು ಡೀಸೆಲ್ ಎಂಜಿನ್ ಹಾಕಿಸಿಕೊಂಡವು. ಚಿಕ್ಕಪ್ಪ ಹಾಕಿಸಲಿಲ್ಲ. "ಡೀಸೆಲ್ ಸದ್ದಿಗೆ ಕಾಡಿನಲ್ಲಿ ಏನೂ ಕೇಳೋದಿಲ್ಲ" ಎನ್ನುವುದು ಅವರ ಕಾರಣ. ದುಡ್ಡು ಇರಲಿಲ್ಲ ಎನ್ನುವುದು ಚಿಕ್ಕಮ್ಮ ಕೊಡುವ ಕಾರಣ.

ಮೂರನೆಯ ಸಲಕ್ಕೆ ಕರೆಸಿದ್ದು ಕರಾವಳಿಯಿಂದ ಘಟ್ಟ ಹತ್ತಿ ಬಂದು ನಮ್ಮ ಕಡೆ ಗ್ಯಾರೇಜು ಇಟ್ಟುಕೊಂಡ ಒಬ್ಬ ಹಳೆಯ ಮೇಸ್ತ್ರಿಯನ್ನು. ಬಂದವರು ಪಾನಾ ಮುಟ್ಟಲಿಲ್ಲ. ಬೆಲ್ ಹೌಸಿಂಗಿನ ತಳದಲ್ಲಿ ತೊಟ್ಟಿಕ್ಕುತ್ತಿದ್ದ ಎಣ್ಣೆಯನ್ನು ಬೆರಳಿಗೆ ಹಚ್ಚಿಕೊಂಡು ಮೂಸಿದರು. ಗೇರ್ ಆಯಿಲ್ ಆಗಿದ್ದರೆ ಗಂಧಕದ ವಾಸನೆ ಇರುತ್ತದೆ, ಗೇರ್ ಬಾಕ್ಸಿನ ಮುಂಭಾಗದಿಂದ ಬಂದದ್ದು ಎಂದರ್ಥ. ಇದು ಎಂಜಿನ್ನಿನದೇ. ಆದರೆ ಎಂಜಿನ್ನಿನಲ್ಲಿ ಎಲ್ಲಿಂದ? ಮುಂದಿನ ಫ್ಯಾನಿನ ಗಾಳಿ ಎಲ್ಲ ಸೋರಿಕೆಯನ್ನೂ ಹಿಂದಕ್ಕೇ ತಳ್ಳುತ್ತದೆ. ಮೇಲಿನ ರಾಕರ್ ಕವರಿನಿಂದ ಸೋರಿದ್ದೂ ಇಳಿದು ಬಂದು ಹಿಂದಿನ ತುದಿಯಲ್ಲೇ ತೊಟ್ಟಿಕ್ಕುತ್ತದೆ. ಹಿಂದೆ ಎಣ್ಣೆ ಕಂಡ ಮಾತ್ರಕ್ಕೆ ಹಿಂದಿನ ಸೀಲನ್ನು ದೂರುವುದು ನದಿಯ ಮುಖಜದಲ್ಲಿ ನಿಂತು ಉಗಮ ಇಲ್ಲೇ ಎಂದಂತೆ.

ಎಂಜಿನ್ನನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ ಒಣಗಿಸಿದೆವು. ಆಮೇಲೆ ಅವರು ಮನೆಯೊಳಗಿಂದ ಮುಖಕ್ಕೆ ಹಾಕುವ ಪೌಡರ್ ಡಬ್ಬ ತರಿಸಿ ಸಂದುಗಳ ಮೇಲೆಲ್ಲ ಉದುರಿಸಿದರು. ಜೀಪು ಮದುಮಗಳಂತಾಯಿತು. ತೋಟದ ಏರಿನಲ್ಲಿ ಒಂದು ಸುತ್ತು ಹೊಡೆದು ಬಂದು ಟಾರ್ಚ್ ಹಿಡಿದು ನೋಡಿದರೆ ರಾಕರ್ ಕವರ್, ಪಕ್ಕದ ವಾಲ್ವ್ ಕವರ್, ಆಯಿಲ್ ಫಿಲ್ಟರಿನ ಪೈಪು ಎಲ್ಲ ಕಡೆ ಪೌಡರ್ ಬೆಳ್ಳಗೇ ಇತ್ತು. ಬೆಲ್ ಹೌಸಿಂಗಿನ ತೂತು ಮಾತ್ರ ಒದ್ದೆ. ಅಂದರೆ ಹಿಂದಿನ ಸೀಲೇ. ಅದೂ ಕೆಲವೇ ತಿಂಗಳ ಹಿಂದೆ ಹಾಕಿದ ಹೊಸ ಸೀಲು.

"ಸೀಲ್ ಕೆಟ್ಟದ್ದಲ್ಲ ಮಾರಾಯ್ರೆ. ಇದಕ್ಕೆ ಉಸಿರು ಕಟ್ಟಿದೆ" ಎಂದರು ಮೇಸ್ತ್ರಿ. ಎಂಜಿನ್ ಚಾಲೂ ಮಾಡಿಸಿ ಎಣ್ಣೆ ತುಂಬುವ ಕೊಳವೆಯ ಮುಚ್ಚಳ ತೆಗೆದರು. ಕುಕ್ಕರಿನ ಸೀಟಿ ಎತ್ತಿದಂತೆ ಭುಸ್ ಎಂದು ಹೊಗೆ ಎದ್ದಿತು.

ಅವರ ಮಾತಿನ ಅರ್ಥ ಇಷ್ಟು. ಪಿಸ್ಟನ್ನಿನ ರಿಂಗುಗಳು ಎಷ್ಟೇ ಹೊಸದಾಗಿದ್ದರೂ ಉರಿದ ಅನಿಲದ ಸ್ವಲ್ಪ ಪಾಲು ಅವುಗಳ ಪಕ್ಕದಿಂದ ಕೆಳಕ್ಕೆ ನುಸುಳುತ್ತದೆ. ನಮ್ಮ ಗ್ಯಾರೇಜಿನ ಭಾಷೆಯಲ್ಲಿ ಅದು ಬ್ಯಾಕ್ ಕಂಪ್ರೆಷನ್. ಎಂಜಿನ್ ಹಳೆಯದಾದಷ್ಟೂ ಅದು ಜಾಸ್ತಿ. ಆ ಅನಿಲ ಹೊರಗೆ ಹೋಗಲು ದಾರಿ ಇರಬೇಕು. ಇಲ್ಲದಿದ್ದರೆ ಚೇಂಬರಿನೊಳಗೆ ಒತ್ತಡ ಏರುತ್ತದೆ, ಒತ್ತಡ ಎಣ್ಣೆಯನ್ನು ತಳ್ಳುತ್ತದೆ, ಎಣ್ಣೆ ಎಲ್ಲಿ ದುರ್ಬಲವೋ ಅಲ್ಲಿ ಹೊರಬೀಳುತ್ತದೆ. ಹಿಂದಿನ ಸೀಲು ಎರಡು ಅರ್ಧಗಳನ್ನು ಕೂಡಿಸಿದ್ದು, ತಿರುಗುವ ಕ್ರ್ಯಾಂಕನ್ನು ಬರೀ ತುಟಿಯಿಂದ ಹಿಡಿದದ್ದು. ಅದಕ್ಕಿಂತ ದುರ್ಬಲ ಜಾಗ ಬೇರೆ ಯಾವುದಿದೆ?

ಆ ಕಾಲದ ಸಾಮಾನ್ಯ ಕಾರುಗಳಲ್ಲಿ ಈ ಅನಿಲವನ್ನು ಒಂದು ಕೊಳವೆಯಲ್ಲಿ ನೇರ ರಸ್ತೆಗೆ ಬಿಡುತ್ತಿದ್ದರು. ಸೇನೆಯ ಜೀಪಿಗೆ ಅದು ಸಾಧ್ಯವಿರಲಿಲ್ಲ, ಅದು ಹೊಳೆ ದಾಟಬೇಕಿತ್ತು. ಕೆಳಗೆ ತೆರೆದ ಕೊಳವೆಯಿದ್ದರೆ ನೀರು ಒಳಗೆ ಬರುತ್ತದೆ. ಆದ್ದರಿಂದ ಚೇಂಬರನ್ನು ಹೊರಗಿನ ನೀರಿಗೆ ಮುಚ್ಚಿ, ಉಸಿರಾಟಕ್ಕೆ ಒಳದಾರಿ ಮಾಡಿದರು. ಏರ್ ಕ್ಲೀನರಿನಿಂದ ಶುದ್ಧ ಗಾಳಿ ಒಂದು ಪೈಪಿನಲ್ಲಿ ಎಣ್ಣೆ ತುಂಬುವ ಕೊಳವೆಗೆ ಬರುತ್ತದೆ; ಎಂಜಿನ್ನಿನೊಳಗೆ ಸುತ್ತಿ, ವಾಲ್ವ್ ಕವರಿನಿಂದ ಇನ್ನೊಂದು ಪೈಪಿನಲ್ಲಿ ಹೊರಟು, ಒಂದು ಸಣ್ಣ ವಾಲ್ವ್ ದಾಟಿ ಮ್ಯಾನಿಫೋಲ್ಡ್ ಸೇರಿ, ಪೆಟ್ರೋಲಿನ ಜೊತೆ ಉರಿದುಹೋಗುತ್ತದೆ. ಎಂಜಿನ್ ತಾನು ಎಳೆಯುವ ಉಸಿರಿನಿಂದಲೇ ತನ್ನ ಹೊಟ್ಟೆಯನ್ನು ಖಾಲಿ ಮಾಡಿಕೊಳ್ಳುವ ಏರ್ಪಾಡು. ಇಪ್ಪತ್ತು ವರ್ಷಗಳ ನಂತರ, 1960ರ ದಶಕದಲ್ಲಿ, ಲಾಸ್ ಏಂಜಲೀಸಿನ ಹೊಗೆಮಂಜಿನಿಂದ ಬೇಸತ್ತ ಕ್ಯಾಲಿಫೋರ್ನಿಯಾ ಇದೇ ಏರ್ಪಾಡನ್ನು ಎಲ್ಲ ಕಾರುಗಳಲ್ಲೂ ತರಿಸಿತು. ಮಾಲಿನ್ಯ ತಡೆಯ ಮೊದಲ ಸಾಧನ ಎಂದು ಇಂದು ಪಠ್ಯಪುಸ್ತಕಗಳು ಹೇಳುವುದು ಯುದ್ಧದಲ್ಲಿ ಹೊಳೆ ದಾಟಲು ಬಳಕೆಯಾಗಿದ್ದ ಉಪಾಯ.

ಚಿಕ್ಕಪ್ಪನ ಜೀಪಿನಲ್ಲಿ ಆ ದಾರಿ ಎರಡೂ ಕಡೆ ಮುಚ್ಚಿತ್ತು. ಹೇಗೆ ಮುಚ್ಚಿತು ಎಂಬುದನ್ನು ಮೇಸ್ತ್ರಿ ಒಂದೊಂದಾಗಿ ಓದಿ ಹೇಳಿದರು. ಮೊದಲು ಆ ಸಣ್ಣ ವಾಲ್ವ್ ಮಸಿ ಹಿಡಿದು ತೆರೆದ ಸ್ಥಿತಿಯಲ್ಲಿ ಸಿಕ್ಕಿಕೊಂಡಿದೆ. ಬೇಡದ ಗಾಳಿ ಮ್ಯಾನಿಫೋಲ್ಡಿಗೆ ನುಗ್ಗಿ ಎಂಜಿನ್ ನಿಂತಲ್ಲಿ ನಡುಗಿದೆ. ಯಾರೋ ಪೈಪು ಕಳಚಿ ಅದರ ಬಾಯಿಗೆ ಒಂದು ಬೋಲ್ಟ್ ತುರುಕಿದ್ದಾರೆ. ನಡುಕ ನಿಂತಿತು, ಗಿರಾಕಿಗೆ ಸಂತೋಷ. ಇನ್ನೊಂದು ಕಾಲದಲ್ಲಿ ಇನ್ಯಾರೋ ಎಣ್ಣೆ ತುಂಬುವ ಹಳೆಯ ಏರ್ ಕ್ಲೀನರನ್ನು ಕಿತ್ತು ಕಾರಿನ ಕಾಗದದ ಫಿಲ್ಟರ್ ಹಾಕಿದ್ದಾರೆ. ಅದಕ್ಕೆ ಪೈಪು ಕೂರಿಸುವ ಜಾಗವಿಲ್ಲ. ಧೂಳು ಬಾರದಿರಲೆಂದು ಕೊಳವೆಯ ತೂತಿಗೆ ಬಟ್ಟೆ ಸುತ್ತಿದ ಮರದ ಬಿರಡೆ ಬಡಿದಿದ್ದಾರೆ. ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ಸರಿಯಾದ ಕೆಲಸವನ್ನೇ ಮಾಡಿದ್ದರು. ಎರಡೂ ಸೇರಿದಾಗ ಎಂಜಿನ್ ಬಾಯಿ ಮೂಗು ಎರಡನ್ನೂ ಮುಚ್ಚಿಸಿಕೊಂಡಿತು.

ಹಸ್ತಪ್ರತಿಗಳ ಸಂಪಾದನೆ ಮಾಡುವವರು ಇಂಥದ್ದನ್ನು ದಿನವೂ ಕಾಣುತ್ತಾರೆ. ಓಲೆಗರಿಯನ್ನು ಪ್ರತಿ ಮಾಡುವವನಿಗೆ ಒಂದು ಪದ ಅರ್ಥವಾಗಲಿಲ್ಲ, ಅವನು ತನಗೆ ಗೊತ್ತಿದ್ದ ಪದವನ್ನು ಹಾಕಿದ. ಮುಂದಿನವನಿಗೆ ಛಂದಸ್ಸು ಕೆಟ್ಟಂತೆ ಕಂಡು ಇನ್ನೊಂದು ಅಕ್ಷರ ಸೇರಿಸಿದ. ಯಾರೂ ಕೆಡಿಸಬೇಕೆಂದು ಹೊರಟವರಲ್ಲ. ಹಳೆಯ ಗಾಡಿಯೂ ಅಂಥದೇ ಪ್ರತಿ, ಅದರ ಪ್ರತಿಕಾರರು ಹೆಸರಿಲ್ಲದ ಮೇಸ್ತ್ರಿಗಳು. ಮೂಲಪಾಠ ಯಾವುದೆಂದು ತಿಳಿಯಲು ಯಾವ ಪೈಪು ಯಾಕಿತ್ತು ಎಂದು ಗೊತ್ತಿರಬೇಕು. ಮೇಸ್ತ್ರಿಗೆ 1941ರ ಸೇನೆಯ ಹೊಳೆಗಳ ಕತೆ ಗೊತ್ತಿರಲಿಲ್ಲ, ನಾನು ಹೇಳಿದಾಗ ನಕ್ಕರು. ಆದರೆ ಖಾಲಿ ತೂತು ಯಾವುದೂ ಸುಮ್ಮನೆ ಇರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಸೀಲನ್ನು ಹೇಗೂ ಬದಲಾಯಿಸಬೇಕಿತ್ತು, ಕ್ಲಚ್ ಪ್ಲೇಟನ್ನೂ. ಎಣ್ಣೆ ಕುಡಿದ ಪ್ಲೇಟನ್ನು ಪೆಟ್ರೋಲಿನಲ್ಲಿ ತೊಳೆದು ಹಾಕುವವರಿದ್ದಾರೆ. ಬಿಸಿಯಾದೊಡನೆ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಚೇಂಬರ್ ಇಳಿಸಿ, ಹಿಂದಿನ ಬೇರಿಂಗಿನ ಕ್ಯಾಪ್ ತೆಗೆದು, ಉಳಿದ ಎರಡು ಕ್ಯಾಪುಗಳನ್ನು ಸ್ವಲ್ಪ ಸಡಿಲಿಸಿ, ಮೇಲಿನ ಅರ್ಧ ಸೀಲನ್ನು ಹಿತ್ತಾಳೆಯ ಕಡ್ಡಿಯಿಂದ ಮೆಲ್ಲಗೆ ತಟ್ಟಿ ಇನ್ನೊಂದು ಕಡೆಯಿಂದ ಎಳೆದರು. ಉಕ್ಕಿನ ಕಡ್ಡಿ ಬಳಸಿದರೆ ಕ್ರ್ಯಾಂಕಿಗೆ ಗೀರು ಬೀಳುತ್ತದೆ, ಗೀರಿನ ಮೇಲೆ ಯಾವ ಸೀಲೂ ನಿಲ್ಲುವುದಿಲ್ಲ. ಹೊಸದಕ್ಕೆ ಎಣ್ಣೆ ಸವರಿ ಹಾವು ಬಿಲಕ್ಕೆ ಹೋಗುವಂತೆ ಸುತ್ತ ಸರಿಸಿದರು.

ಆಗ ಅವರು ತೋರಿಸಿದ ಒಂದು ಸೂಕ್ಷ್ಮ ನನಗೆ ಬಹಳ ಹಿಡಿಸಿತು. ಕ್ಯಾಪಿನ ಎಡಬಲಕ್ಕೆ, ಎಂಜಿನ್ನಿನ ಮೈಗೂ ಕ್ಯಾಪಿಗೂ ನಡುವಿನ ತೂತುಗಳಲ್ಲಿ, ರಬ್ಬರಿನ ಎರಡು ಸಣ್ಣ ಕಡ್ಡಿಗಳು ಕೂರುತ್ತವೆ. ಅವು ಕೆಳಗೆ ಸುಮಾರು ಕಾಲು ಇಂಚು, ಎಂದರೆ 6 ಮಿಲಿಮೀಟರ್, ಹೊರಚಾಚಿಕೊಂಡಿರುತ್ತವೆ. ಅದು ಹೆಚ್ಚಾಯಿತೆಂದು ಅಂದಕ್ಕಾಗಿ ಕತ್ತರಿಸುವವರಿದ್ದಾರೆ. ಕತ್ತರಿಸಬಾರದು. ಚೇಂಬರನ್ನು ಬಿಗಿದಾಗ ಅದು ಈ ಕಡ್ಡಿಗಳನ್ನು ಮೇಲಕ್ಕೆ ಒತ್ತುತ್ತದೆ, ಒತ್ತಿದ ರಬ್ಬರ್ ಅಗಲವಾಗಿ ತೂತನ್ನು ತುಂಬುತ್ತದೆ. ಎಲ್ಲಿಯೂ ಬೋಲ್ಟಿಲ್ಲ, ಅಂಟಿಲ್ಲ. ಹಿಂದಿನ ಸಲ ಬಿಚ್ಚಿದವರು ಎರಡನ್ನೂ ಅಂಚಿಗೆ ಸಮನಾಗಿ ಕತ್ತರಿಸಿದ್ದರು.

ಚೇಂಬರಿನ ಪ್ಯಾಕಿಂಗ್ ಕಾರ್ಕಿನದು. ಅಂಗಡಿಯಲ್ಲಿ ವರ್ಷಗಟ್ಟಲೆ ನೇತಾಡಿ ಒಣಗಿ ಕುಗ್ಗಿದ್ದರಿಂದ ತೂತಿಗೆ ತೂತು ಕೂಡುತ್ತಿರಲಿಲ್ಲ. ಮೇಸ್ತ್ರಿ ಅದನ್ನು ಬಾಲ್ದಿ ನೀರಿನಲ್ಲಿ ನೆನೆಹಾಕಿ ಚಾ ಕುಡಿಯಲು ಕೂತರು. ಚಾ ಮುಗಿಯುವಷ್ಟರಲ್ಲಿ ಪ್ಯಾಕಿಂಗ್ ತನ್ನ ಅಳತೆಗೆ ಬಂದಿತ್ತು. ಚೇಂಬರಿನ ತಗಡಿನ ಅಂಚು ಹಿಂದಿನವರು ಬೋಲ್ಟ್ ಅತಿಯಾಗಿ ಬಿಗಿದು ಬಿಗಿದು ಪ್ರತಿ ತೂತಿನ ಬಳಿಯೂ ಉಬ್ಬಿತ್ತು. ಸೋರುತ್ತದೆ ಎಂದು ಬಿಗಿಯುವುದು, ಬಿಗಿದಷ್ಟೂ ಕಾರ್ಕು ಹಿಂಡಿ ಹೊರಬರುವುದು, ಮತ್ತೆ ಸೋರುವುದು. ಮರದ ತುಂಡಿನ ಮೇಲೆ ಇಟ್ಟು ಸುತ್ತಿಗೆಯಿಂದ ಅಂಚನ್ನು ಸಮ ಮಾಡುವುದಕ್ಕೇ ಒಂದು ಗಂಟೆ ಹಿಡಿಯಿತು. ಅಂಟಿಗೆ ಟ್ಯೂಬಿನ ಸಿಲಿಕೋನ್ ತಂದಿದ್ದೆ. ಅವರು ಬೇಡವೆಂದು ತಮ್ಮ ಚೀಲದಿಂದ ಕಂದು ಬಣ್ಣದ ಶೆಲ್ಯಾಕ್ ಸೀಸೆ ತೆಗೆದರು. ಸಿಲಿಕೋನ್ ಜಾಸ್ತಿಯಾದರೆ ಒಳಗೆ ಹಿಂಡಿಬಂದ ಚೂರು ಕಳಚಿ ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿಕೊಳ್ಳುತ್ತದೆ ಎಂಬುದು ಅವರ ಭಯ. ಭಯಕ್ಕೆ ಆಧಾರವಿದೆ.

ವಾಲ್ವನ್ನು ಬಿಚ್ಚಿ ಪೆಟ್ರೋಲಿನಲ್ಲಿ ನೆನೆಸಿ ಉಜ್ಜಿದಾಗ ಒಳಗಿನ ಸ್ಪ್ರಿಂಗು ಟಿಕ್ ಟಿಕ್ ಎಂದು ಆಡಿತು. ಬೋಲ್ಟೂ ಬಿರಡೆಯೂ ಹೊರಬಂದವು. ಹಳೆಯ ಏರ್ ಕ್ಲೀನರ್ ಶೆಡ್ಡಿನ ಅಟ್ಟದಲ್ಲಿ ಕೋಳಿ ಮೊಟ್ಟೆ ಇಡುವ ಬುಟ್ಟಿಯ ಕೆಳಗೆ ಸಿಕ್ಕಿತು, ಪೈಪು ಮಾತ್ರ ಹೊಸದು ಹಾಕಿದೆವು. ಎಂಜಿನ್ ಚಾಲೂ ಮಾಡಿ ಮುಚ್ಚಳ ತೆಗೆದು ಅದರ ಬಾಯಿಗೆ ಒಂದು ತೆಳು ಪ್ಲಾಸ್ಟಿಕ್ ಹಾಳೆ ಹಿಡಿದರೆ, ಅದು ಹಾರಲಿಲ್ಲ. ಮೆಲ್ಲಗೆ ಒಳಕ್ಕೆ ಎಳೆದುಕೊಂಡಿತು.

ಆಗಿನಿಂದ ಒಂದು ಮಳೆಗಾಲ, ಒಂದು ಕೊಯ್ಲು ಕಳೆದಿದೆ. ಹಿಂದಿನ ವರ್ಷ ವಾರಕ್ಕೆ ಒಂದು ಲೀಟರ್ ಆಯಿಲ್ ಹಾಕುತ್ತಿದ್ದವರು ಈಗ ತಿಂಗಳಿಗೊಮ್ಮೆ ಕಡ್ಡಿ ಅದ್ದಿ ನೋಡಿ ಸುಮ್ಮನಾಗುತ್ತಾರೆ. ಹದಿನೈದು ವರ್ಷ ದಾಟಿದ ಖಾಸಗಿ ಗಾಡಿಗೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು, ಅದಕ್ಕೆ ಆರ್‌ಟಿಓ ಕಚೇರಿಗೆ ಒಯ್ದು ತೋರಿಸಬೇಕು. ಈ ಸಲ ಹಾಗೆ ಹೋಗುವ ಮುಂಚೆ ಎಂಜಿನ್ನಿನ ಅಡಿಯನ್ನು ಒರೆಸುವ ಕೆಲಸ ಇರಲಿಲ್ಲ. ಚೇಂಬರಿನ ಮುಂದಿನ ಮೂಲೆಯಲ್ಲಿ ಇನ್ನೂ ಸ್ವಲ್ಪ ಬೆವರು ಕಾಣುತ್ತದೆ. ಮೇಸ್ತ್ರಿ ಅದನ್ನು ಬಿಟ್ಟುಬಿಡಿ ಎಂದಿದ್ದಾರೆ. ಹ್ಯಾಂಡ್‌ಬ್ರೇಕ್ ಡ್ರಮ್ಮಿನ ಬಳಿಯ ಸೀಲನ್ನು ಮಾತ್ರ ಮುಂದಿನ ಮಳೆಗೆ ಮೊದಲು ಬದಲಾಯಿಸಲೇಬೇಕು. ಅಲ್ಲಿರುವುದು ರಬ್ಬರಿನದೋ, ಇನ್ನೂ ಹಳೆಯ ತೊಗಲಿನದೋ, ಬಿಚ್ಚಿದ ಮೇಲೆ ಗೊತ್ತಾಗುತ್ತದೆ.